ಸುತ್ತಿಗೆ ಹಿಡಿದ ಮೂರು ವರ್ಷ

ಮದುವೆ ಊಟಕ್ಕೆ ಕುಳಿತಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಲೆಕ್ಕ ಹಾಕಿದರು. ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಎಂ.ಡಿ. ಮೂರು ವರ್ಷ, ಈಗ ನರರೋಗದಲ್ಲಿ ಡಿ.ಎಂ. ಎಂದು ಮತ್ತೆ ಮೂರು ವರ್ಷ. ಒಟ್ಟು ಹನ್ನೊಂದೂವರೆ. "ನನ್ನ ಮಗ ಅಷ್ಟರಲ್ಲಿ ದುಬೈಗೆ ಹೋಗಿ, ಮನೆ ಕಟ್ಟಿಸಿ, ಇಬ್ಬರು ತಂಗಿಯಂದಿರ ಮದುವೆಯನ್ನೂ ಮಾಡಿ ಮುಗಿಸಿದ. ನೀವು ಇನ್ನೂ ಓದುತ್ತಲೇ ಇದ್ದೀರಲ್ಲ, ಇದರಿಂದ ಏನು ಲಾಭ?" ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಬಿರಿಯಾನಿಯ ಮಧ್ಯೆ ಕೊಡಬಹುದಾದ ಉತ್ತರವೂ ನಮ್ಮಲ್ಲಿರಲಿಲ್ಲ. ನಕ್ಕು ಸುಮ್ಮನಾದೆವು. ಆ ಪ್ರಶ್ನೆ ಮಾತ್ರ ಇಷ್ಟು ವರ್ಷ ಜೊತೆಗೇ ಉಳಿದುಬಿಟ್ಟಿತು.

ನಾವು ಎಂದರೆ ಮೂವರು. ಒಬ್ಬರು ಕರಾವಳಿಯವರು, ಒಬ್ಬರು ಮೈಸೂರು ಕಡೆಯವರು, ಇನ್ನೊಬ್ಬರು ಆಗ ಗುಲ್ಬರ್ಗ ಎಂದು ಕರೆಯಲಾಗುತ್ತಿದ್ದ ಈಗಿನ ಕಲಬುರಗಿಯವರು. 2009ರಿಂದ ಮೂರು ವರ್ಷ ಒಂದೇ ದೊಡ್ಡ ಆಸ್ಪತ್ರೆಯ ನರರೋಗ ವಿಭಾಗದಲ್ಲಿ ರೆಸಿಡೆಂಟ್‌ಗಳಾಗಿದ್ದೆವು. ಇದನ್ನು ಬರೆಯುತ್ತಿರುವುದು ಒಬ್ಬರದೇ ಕೈಯಾದರೂ ಉಳಿದಿಬ್ಬರು ಓದಿ, ತಿದ್ದಿ, ಎರಡು ಕಡೆ ಜಗಳವಾಡಿ ಒಪ್ಪಿದ್ದಾರೆ. ಹಾಗಾಗಿ 'ನಾವು' ಎಂದೇ ಬರೆಯುತ್ತಿದ್ದೇವೆ. ಹಾಗೆ ಬರೆಯಲು ಇನ್ನೊಂದು ಕಾರಣವೂ ಇದೆ. ಅದು ಮುಂದೆ ಬರುತ್ತದೆ.

ರೆಸಿಡೆಂಟ್ ಎಂದರೆ ನಿವಾಸಿ. ಆಸ್ಪತ್ರೆಯಲ್ಲೇ ವಾಸಿಸುತ್ತಾ ಕಲಿಯುವ ವೈದ್ಯ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಮುಂತಾದವರು ಈ ಪದ್ಧತಿಗೆ ಒಂದು ರೂಪ ಕೊಟ್ಟರು. ತರುಣ ವೈದ್ಯರು ಆಸ್ಪತ್ರೆಯ ಕಟ್ಟಡದಲ್ಲೇ ಉಳಿದು, ರೋಗಿಯ ಹಾಸಿಗೆಯ ಪಕ್ಕದಲ್ಲೇ ವಿದ್ಯೆ ಕಲಿಯಬೇಕೆಂಬುದು ಅದರ ತಿರುಳು. ನೂರಿಪ್ಪತ್ತು ವರ್ಷಗಳ ನಂತರ ನಮ್ಮ ಪಾಲಿಗೂ ಆ ಪದ ಅಕ್ಷರಶಃ ನಿಜವಾಗಿತ್ತು. ಡ್ಯೂಟಿ ಕೋಣೆಯಲ್ಲಿ ಎರಡು ಮಂಚ, ಮೂವರು ನಿವಾಸಿಗಳು. ಮೂರನೆಯವರಿಗೆ ಮಂಚ ಬೇಕಾಗುತ್ತಲೇ ಇರಲಿಲ್ಲ, ಏಕೆಂದರೆ ಸದಾ ಯಾರಾದರೊಬ್ಬರು ಎಮರ್ಜೆನ್ಸಿಯಲ್ಲಿ ಇರುತ್ತಿದ್ದರು.

ಮೊದಲ ತಿಂಗಳು ನಾವು ಕಲಿತದ್ದು ಔಷಧವನ್ನಲ್ಲ, ಕನ್ನಡವನ್ನು. ಹೀಗೆಂದರೆ ನಗಬೇಡಿ. ರೋಗಿ ಬಂದು "ತಲೆ ಸುತ್ತುತ್ತದೆ" ಎನ್ನುತ್ತಾರೆ. ಕೋಣೆಯೇ ಗಿರಗಿರನೆ ತಿರುಗುವುದು ಒಬ್ಬರಿಗೆ ತಲೆಸುತ್ತು. ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬರುವುದು ಇನ್ನೊಬ್ಬರಿಗೆ ತಲೆಸುತ್ತು. ನಡೆಯುವಾಗ ಕಾಲು ತಪ್ಪುವುದಕ್ಕೂ, ಮಗಳ ಮದುವೆಯ ಸಾಲ ನೆನಪಾದಾಗ ಎದೆ ಖಾಲಿಯಾಗುವುದಕ್ಕೂ ಅದೇ ಹೆಸರು. ಮೊದಲನೆಯದು ಕಿವಿಯದ್ದೋ ಮೆದುಳಿನದ್ದೋ ಆಗಿರಬಹುದು, ಎರಡನೆಯದು ರಕ್ತದೊತ್ತಡದ್ದು, ಮೂರನೆಯದು ನರದ್ದು. ತುಳುವಿನಲ್ಲಿ "ತರೆ ತಿರ್ಗುಂಡು" ಎನ್ನುವವರಿಗೂ, ದಖನಿ ಮಾತಾಡುತ್ತಾ "ಚಕ್ಕರ್" ಎನ್ನುವವರಿಗೂ ಇದೇ ಪಾಡು. 'ಜೋಮು' ಎಂಬ ಪದವಂತೂ ಇನ್ನೂ ಮೋಸದ್ದು. ಸ್ಪರ್ಶ ತಿಳಿಯದಿರುವುದು, ಇರುವೆ ಹರಿದಂತಾಗುವುದು, ಶಕ್ತಿ ಇಲ್ಲದಿರುವುದು, ಈ ಮೂರಕ್ಕೂ ನಮ್ಮ ಜನ ಜೋಮು ಎನ್ನುತ್ತಾರೆ. ನಮ್ಮ ಪ್ರೊಫೆಸರ್ ಒಬ್ಬರು ಸ್ಟೂಲ್ ಎಳೆದು ರೋಗಿಯ ಎದುರು ಕುಳಿತು, "ತಲೆಸುತ್ತು ಎಂಬ ಪದವನ್ನು ಬಿಟ್ಟು ಆದದ್ದನ್ನು ಹೇಳಿ" ಎನ್ನುತ್ತಿದ್ದರು. ಅಷ್ಟೇ. ಹತ್ತು ನಿಮಿಷ ಬಾಯಿ ತೆರೆಯುತ್ತಿರಲಿಲ್ಲ. ಕೊನೆಗೆ ರೋಗಿಯೇ ರೋಗದ ವಿಳಾಸ ಹೇಳಿಬಿಡುತ್ತಿದ್ದರು. ಉತ್ತರದವರ ಕನ್ನಡ ದಕ್ಷಿಣದವರಿಗೆ ಅರ್ಥವಾಗದೆ ಪೇಚಾಟವಾದಾಗಲೆಲ್ಲ ನಮ್ಮ ಕಲಬುರಗಿಯ ಗೆಳೆಯರಿಗೆ ಎಲ್ಲಿಲ್ಲದ ಬೇಡಿಕೆ.

ನರರೋಗ ವಿದ್ಯೆಯ ಮೊದಲ ಪ್ರಶ್ನೆ 'ಏನು' ಎಂಬುದಲ್ಲ, 'ಎಲ್ಲಿ' ಎಂಬುದು. ಮೆದುಳು, ಬೆನ್ನುಹುರಿ, ನರ, ಸ್ನಾಯು, ಈ ಉದ್ದದ ತಂತಿಯಲ್ಲಿ ಎಲ್ಲಿ ತುಂಡಾಗಿದೆ? ಅದನ್ನು ಹುಡುಕಲು ಬೇಕಾದ ಸಾಮಾನು ಒಂದು ರಬ್ಬರ್ ಸುತ್ತಿಗೆ, ಒಂದು ಟಾರ್ಚ್, ಒಂದು ಟ್ಯೂನಿಂಗ್ ಫೋರ್ಕ್, ಹತ್ತಿ ಮತ್ತು ಒಂದು ಪಿನ್ನು. 1896ರಲ್ಲಿ ಪ್ಯಾರಿಸ್‌ನಲ್ಲಿ ಬಾಬಿನ್ಸ್ಕಿ ಎಂಬ ವೈದ್ಯರು ಬಹಳ ಚಿಕ್ಕದೊಂದು ವರದಿಯಲ್ಲಿ ಹೇಳಿದ ವಿಷಯವನ್ನು ನಾವು ಇಂದಿಗೂ ದಿನಕ್ಕೆ ಹತ್ತಾರು ಬಾರಿ ಪರೀಕ್ಷಿಸುತ್ತೇವೆ. ಅಂಗಾಲನ್ನು ಹಿಮ್ಮಡಿಯಿಂದ ಮೇಲಕ್ಕೆ ಕೆರೆದರೆ ಹೆಬ್ಬೆರಳು ಕೆಳಕ್ಕೆ ಬಾಗಬೇಕು. ಮೇಲಕ್ಕೆ ಎದ್ದರೆ ಮೆದುಳಿನಲ್ಲೋ ಬೆನ್ನುಹುರಿಯಲ್ಲೋ ತೊಂದರೆ ಇದೆ ಎಂದರ್ಥ. ಖರ್ಚು ಸೊನ್ನೆ.

"ಈಗ ಎಂ.ಆರ್.ಐ. ಇದೆಯಲ್ಲ, ಸುತ್ತಿಗೆ ಯಾಕೆ?" ಎಂದು ಕೇಳುವವರಿದ್ದಾರೆ. ನಮ್ಮ ಎರಡನೇ ತಿಂಗಳಲ್ಲಿ ಒಬ್ಬ ಗಾರೆ ಕೆಲಸದವರನ್ನು ಅಣ್ಣತಮ್ಮಂದಿರು ಎತ್ತಿಕೊಂಡು ಬಂದರು. ಎರಡೂ ಕಾಲುಗಳಲ್ಲಿ ಶಕ್ತಿ ಇಲ್ಲ. ಹೊರಗೆ ಎರಡು ಬಾರಿ ತಲೆಯ ಸ್ಕ್ಯಾನ್ ಮಾಡಿಸಿದ್ದರು. ಎರಡೂ ನಾರ್ಮಲ್. ಒಂದು ಎಮ್ಮೆ ಮಾರಿದ ದುಡ್ಡು ಅಲ್ಲಿಗೆ ಮುಗಿದಿತ್ತು. ಪಿನ್ನಿನಿಂದ ಕಾಲಿನಿಂದ ಮೇಲಕ್ಕೆ ಚುಚ್ಚುತ್ತಾ ಹೋದೆವು. ಹೊಕ್ಕುಳಿನ ಮಟ್ಟದವರೆಗೆ ಏನೂ ತಿಳಿಯದು. ಅದರ ಮೇಲೆ ಚುರುಕ್ ಎಂದರು. ಅಂದರೆ ರೋಗವಿದ್ದದ್ದು ತಲೆಯಲ್ಲಲ್ಲ, ಬೆನ್ನಿನಲ್ಲಿ. ಬೆನ್ನುಮೂಳೆಯ ಕ್ಷಯ ಹುರಿಯನ್ನು ಒತ್ತುತ್ತಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಕೇಳಬಾರದ ಕಡೆ ಹೋಗಿ ಕೇಳಿದ್ದರು, ಅಷ್ಟೆ. ಶಸ್ತ್ರಚಿಕಿತ್ಸೆ ಮತ್ತು ಕ್ಷಯದ ಔಷಧದಿಂದ ಅವರು ಕೋಲು ಹಿಡಿದು ನಡೆಯುವಂತಾದರು. ಆ ಪಿನ್ನಿನ ಬೆಲೆ ಎಷ್ಟಿರಬಹುದು ಎಂದು ಮದುವೆಮನೆಯ ಹಿರಿಯರನ್ನು ಕೇಳಬೇಕೆನಿಸಿತ್ತು.

ಫಿಟ್ಸ್ ಅಥವಾ ಮೂರ್ಛೆರೋಗದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಮ್ಮ ಹೊರರೋಗಿ ವಿಭಾಗದ ಬೆಂಚುಗಳಲ್ಲಿ ಅತಿ ಹೆಚ್ಚು ಕಾಯುತ್ತಿದ್ದವರು ಅವರೇ. ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿಸಿದ, ಮೂಗಿಗೆ ಈರುಳ್ಳಿಯನ್ನೋ ಚಪ್ಪಲಿಯನ್ನೋ ಹಿಡಿದ, ಬಾಯಿಗೆ ಚಮಚ ತುರುಕಿ ಹಲ್ಲು ಮುರಿದ ಕಥೆಗಳು ಪ್ರತಿದಿನ ಬರುತ್ತಿದ್ದವು. ಇದರಲ್ಲಿ ಹಿಂದೂ ಮುಸ್ಲಿಮ್ ಕ್ರೈಸ್ತ ಎಂಬ ಭೇದ ಕಾಣಲಿಲ್ಲ. ತಾಯತ ಕಟ್ಟಿದ ದಾರದ ಬಣ್ಣ ಬೇರೆ, ಕಟ್ಟಿದ ಭಯ ಒಂದೇ. ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಅದು ನಿಂತ ಹೊತ್ತಿಗೆ ಕೈಯಲ್ಲಿ ಕಬ್ಬಿಣವಿದ್ದರೆ ಕೀರ್ತಿ ಕಬ್ಬಿಣಕ್ಕೆ ಹೋಗುತ್ತದೆ. ಮಾಡಬೇಕಾದ್ದು ಇಷ್ಟೇ: ಒಂದು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಬಾಯಿಗೆ ಏನನ್ನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ.

ದಕ್ಷಿಣ ಕರ್ನಾಟಕದಿಂದ ಬಂದ ಕೆಲವರ ಕಥೆ ಇನ್ನೂ ವಿಚಿತ್ರ. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಮಾತ್ರ ಫಿಟ್ಸ್! ಪಾಠಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ಈ 'ಬಿಸಿನೀರಿನ ಅಪಸ್ಮಾರ' ನಮ್ಮ ನಾಡಿನಲ್ಲಿ ಅಪರೂಪವೇನಲ್ಲ. ಅದರ ಬಗ್ಗೆ ಜಗತ್ತಿಗೆ ತಿಳಿದಿರುವುದರ ದೊಡ್ಡ ಭಾಗ ಬಂದಿರುವುದೇ ಕರ್ನಾಟಕದ ವೈದ್ಯರ ಅಧ್ಯಯನಗಳಿಂದ. ಹಂಡೆ ನೀರನ್ನು ಚೊಂಬಿನಲ್ಲಿ ತೋಡಿ ಸರಸರನೆ ನೆತ್ತಿಗೆ ಹೊಯ್ದುಕೊಳ್ಳುವ ನಮ್ಮ ಪದ್ಧತಿಗೂ ಇದಕ್ಕೂ ನಂಟಿದೆ. ಉಗುರುಬೆಚ್ಚಗಿನ ನೀರು ಬಳಸಿದರೆ ಹಲವರಿಗೆ ಅರ್ಧ ರೋಗ ಅಲ್ಲಿಗೇ ವಾಸಿ. ಮೈಸೂರಿನ ನಮ್ಮ ಜೊತೆಗಾರರ ಸ್ವಂತ ಚಿಕ್ಕಪ್ಪನಿಗೆ ಇದೇ ಇತ್ತು. 'ಬಚ್ಚಲಮನೆಯ ದೆವ್ವ' ಎಂದು ಮನೆಯಲ್ಲಿ ಮೂರು ಬಾರಿ ಬಚ್ಚಲಿನ ದಿಕ್ಕು ಬದಲಿಸಿದ್ದರಂತೆ.

ಬಡವರಿಗೆ ದುಬಾರಿ ಔಷಧವೇ ಬೇಕೆಂದೇನೂ ಇಲ್ಲ ಎಂಬುದನ್ನು ಹೇಳಿಕೊಟ್ಟದ್ದೂ ನಮ್ಮದೇ ಒಂದು ತಾಲೂಕು. ಈಗಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ಹಳ್ಳಿಯ ಮೂರ್ಛೆರೋಗಿಗಳನ್ನು ಹುಡುಕಿ, ಫೀನೋಬಾರ್ಬಿಟಾಲ್ ಮತ್ತು ಫೆನಿಟಾಯ್ನ್ ಎಂಬ ಹಳೆಯ, ಅಗ್ಗದ ಮಾತ್ರೆಗಳನ್ನೇ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡರು. ಈ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲೂ ಫಿಟ್ಸನ್ನು ಹತೋಟಿಯಲ್ಲಿಡಬಹುದು ಎಂದು ತೋರಿಸಿದ ಆ ಅಧ್ಯಯನ 2001ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಸ ಔಷಧ ಕಂಪೆನಿಯ ಪ್ರತಿನಿಧಿಗಳು ಹೊಳೆಯುವ ಪುಸ್ತಿಕೆ ಹಿಡಿದು ಬಂದಾಗಲೆಲ್ಲ ನಮಗೆ ಯಳಂದೂರು ನೆನಪಾಗುತ್ತಿತ್ತು.

ರಮಝಾನ್ ತಿಂಗಳು ನಮಗೊಂದು ಬೇರೆಯೇ ಪಾಠ. ದಿನಕ್ಕೆ ಎರಡು ಬಾರಿ ಮಾತ್ರೆ ತೆಗೆದುಕೊಳ್ಳುತ್ತಿದ್ದ ಹುಡುಗರು ಉಪವಾಸವೆಂದು ಬೆಳಗಿನದ್ದನ್ನು ಬಿಡುತ್ತಿದ್ದರು. ಮೇಲಿಂದ ರಾತ್ರಿಯ ನಮಾಝ್, ಸಹರಿಗೆ ಬೇಗ ಏಳುವುದು, ನಿದ್ದೆ ಕಡಿಮೆ. ಮೊದಲ ವಾರದಲ್ಲೇ ಫಿಟ್ಸ್ ಬಂದು ಎಮರ್ಜೆನ್ಸಿಗೆ ಬರುತ್ತಿದ್ದರು. "ಉಪವಾಸ ಬಿಡಿ" ಎಂದು ಗದರಿಸಿದರೆ ಅವರು ಉಪವಾಸ ಬಿಡುತ್ತಿರಲಿಲ್ಲ, ಆಸ್ಪತ್ರೆಗೆ ಬರುವುದನ್ನು ಬಿಡುತ್ತಿದ್ದರು. ರೋಗಿಗೆ ವಿನಾಯಿತಿ ಇದೆ ಎಂಬುದು ಅವರಿಗೂ ಗೊತ್ತು. ಆದರೆ ಹದಿನೆಂಟರ ಹುಡುಗನಿಗೆ ತಾನು ರೋಗಿ ಎಂದು ಮನೆಮಂದಿಯ ಮುಂದೆ ಒಪ್ಪಿಕೊಳ್ಳುವುದೇ ಉಪವಾಸಕ್ಕಿಂತ ಕಷ್ಟ. ಎರಡನೇ ವರ್ಷದಿಂದ ನಾವು ಶಾಬಾನ್‌ನಲ್ಲೇ ಅವರನ್ನು ಕರೆಸತೊಡಗಿದೆವು. ಯಾರಿಗೆ ಉಪವಾಸ ಅಪಾಯವೋ ಅವರಿಗೆ ತಂದೆತಾಯಿಯ ಎದುರೇ ಹಾಗೆಂದು ಹೇಳುವುದು, ಯಾರಿಗೆ ಸಾಧ್ಯವೋ ಅವರಿಗೆ ದಿನಕ್ಕೊಮ್ಮೆಯ ಮಾತ್ರೆಗೋ, ಇಫ್ತಾರ್ ಮತ್ತು ಸಹರಿಯ ಹೊತ್ತಿಗೋ ನಿಧಾನವಾಗಿ ಬದಲಿಸುವುದು. ನಿದ್ದೆಗೆಟ್ಟರೆ ಫಿಟ್ಸ್ ಬರುವುದು ರಮಝಾನ್‌ನಲ್ಲಿ ಮಾತ್ರವಲ್ಲ. ಶಿವರಾತ್ರಿಯ ಜಾಗರಣೆಯ ಮರುದಿನ, ರಾತ್ರಿಯಿಡೀ ಯಕ್ಷಗಾನ ನೋಡಿದ ಮರುದಿನ, ಎಸ್.ಎಸ್.ಎಲ್.ಸಿ. ಪರೀಕ್ಷೆಯ ಬೆಳಿಗ್ಗೆಯೂ ಬರುತ್ತಿದ್ದರು. ಪಂಚಾಂಗ, ಹಿಜರಿ ಕ್ಯಾಲೆಂಡರ್ ಮತ್ತು ಪರೀಕ್ಷೆಯ ವೇಳಾಪಟ್ಟಿ ಮೂರೂ ನಮ್ಮ ಡ್ಯೂಟಿ ಕೋಣೆಯ ಗೋಡೆಯಲ್ಲಿದ್ದವು.

ಬೆನ್ನಿನ ನೀರು ತೆಗೆಯುವುದಕ್ಕೆ ಜನ ಹೆದರುವುದು, ಅದಕ್ಕೆ ಒಪ್ಪಿಸಲು ಒಂದು ತಾಸು ಮಾತಾಡಬೇಕಾದದ್ದು, ಇದನ್ನೆಲ್ಲ ಬರೆದರೆ ಮುಗಿಯದು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ, ಸೂಜಿ ಚುಚ್ಚುವುದು ಅದಕ್ಕಿಂತ ಕೆಳಗೆ, ಆದ್ದರಿಂದ ಕಾಲು ಹೋಗುವುದಿಲ್ಲ ಎಂದಷ್ಟೇ ಇಲ್ಲಿ ಹೇಳಿ ಮುಂದುವರಿಯುತ್ತೇವೆ.

2010ರಲ್ಲಿ ಇಪ್ಪತ್ತರ ಒಬ್ಬ ಹುಡುಗಿಯನ್ನು ಕೈಕಾಲು ಕಟ್ಟಿ ಜೀಪಿನಲ್ಲಿ ತಂದಿದ್ದರು. ಕಾಲೇಜು ಹುಡುಗಿ. ಹತ್ತು ದಿನದಿಂದ ತನ್ನಷ್ಟಕ್ಕೆ ಮಾತಾಡುತ್ತಾಳೆ, ಕಿರುಚುತ್ತಾಳೆ, ಬಾಯಿ ಏನನ್ನೋ ಜಗಿಯುತ್ತಿರುತ್ತದೆ. ಮೊದಲು ಮಂತ್ರವಾದಿ, ಆಮೇಲೆ ಇನ್ನೊಬ್ಬ ಮಂತ್ರವಾದಿ. ಬೆನ್ನ ಮೇಲೆ ಬೆತ್ತದ ಬರೆಗಳಿದ್ದವು. ಮನೋರೋಗವೇ ಇರಬೇಕೆಂದು ನಾವೂ ಮೊದಲು ಅಂದುಕೊಂಡೆವು. ಬಾಯಿಯ ಆ ಚಲನೆಯನ್ನು ಗಮನಿಸಿದ್ದು ನಮ್ಮ ಸೀನಿಯರ್. ದೇಹದ ಸ್ವಂತ ರಕ್ಷಣಾ ವ್ಯವಸ್ಥೆಯೇ ಮೆದುಳಿನ ಎನ್.ಎಂ.ಡಿ.ಎ. ಎಂಬ ಗ್ರಾಹಕಗಳ ಮೇಲೆ ದಾಳಿ ಮಾಡುವ ಒಂದು ಉರಿಯೂತವಿದೆ. ಜಗತ್ತು ಅದನ್ನು ಗುರುತಿಸಿದ್ದೇ 2007ರಲ್ಲಿ. ಕೆಲವು ಹೆಣ್ಣುಮಕ್ಕಳಲ್ಲಿ ಅಂಡಾಶಯದ ಒಂದು ಗೆಡ್ಡೆಯಿಂದ ಅದು ಶುರುವಾಗುತ್ತದೆ. ಈ ಹುಡುಗಿಗೆ ಗೆಡ್ಡೆ ಇತ್ತು. ಗೆಡ್ಡೆ ತೆಗೆದು, ಔಷಧ ಕೊಟ್ಟು, ತಿಂಗಳುಗಟ್ಟಲೆ ಕಾದೆವು. ಒಂದು ದಿನ ಅವಳು ನರ್ಸ್ ಬಳಿ ಬಾಚಣಿಗೆ ಕೇಳಿದಳು. ವಾರ್ಡಿನಲ್ಲಿ ಅಂದು ಹಬ್ಬ. ಆ ಬೆತ್ತದ ಬರೆಗಳನ್ನು ನೆನೆದಾಗ ಮಾತ್ರ ಈಗಲೂ ಸಿಟ್ಟು ಬರುತ್ತದೆ. ಆದರೆ ಮೂರು ವರ್ಷ ಮೊದಲು ಬಂದಿದ್ದರೆ ನಾವೂ ಆ ರೋಗವನ್ನು ಹೆಸರಿಸಲಾರದೆ ಅವಳಿಗೆ ಬೇರೆಯೇ ಚೀಟಿ ಅಂಟಿಸುತ್ತಿದ್ದೆವು ಎಂಬುದನ್ನೂ ಒಪ್ಪಬೇಕು.

ಈಗ ಆ ಇನ್ನೊಂದು ಕಾರಣಕ್ಕೆ ಬರುತ್ತೇವೆ.

ಎರಡನೇ ವರ್ಷದ ಮಳೆಗಾಲ. ರಾತ್ರಿ ಹನ್ನೊಂದರ ಸುಮಾರಿಗೆ ಬೀಡಿ ಕಟ್ಟುವ ನಲವತ್ತಾರು ವರ್ಷದ ಒಬ್ಬ ತಾಯಿ ಬಂದರು. ಸಂಜೆಯಿಂದ ತಲೆ ಗಿರಗಿರ, ನಿಲ್ಲದ ವಾಂತಿ. ರಕ್ತದೊತ್ತಡ ಹೆಚ್ಚಿತ್ತು. ಮಾತು ಸರಿಯಿತ್ತು. ಕೈಕಾಲುಗಳಲ್ಲಿ ಶಕ್ತಿ ಸರಿಯಿತ್ತು. ಹೊರಗೆ ಇನ್ನೂ ಒಂಬತ್ತು ಮಂದಿ ಕಾಯುತ್ತಿದ್ದರು. ಕಿವಿಯ ತೊಂದರೆ ಎಂದು ತೀರ್ಮಾನಿಸಿ, ತಲೆಸುತ್ತು ನಿಲ್ಲುವ ಇಂಜೆಕ್ಷನ್ ಕೊಟ್ಟೆವು. ನಿದ್ದೆ ಹೋದರು. ಬೆಳಗಿನ ಮೂರಕ್ಕೆ ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಿದೆವು. ಗಾಲಿಕುರ್ಚಿಯಲ್ಲಿ ಆಟೋವರೆಗೆ.

ಅದೇ ದಿನ ರಾತ್ರಿ ಗಂಡ ಅವರನ್ನು ಮತ್ತೆ ತಂದರು. ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಸ್ಕ್ಯಾನಿನಲ್ಲಿ ಕಿರುಮೆದುಳಿನ ಒಂದು ಭಾಗ ಪಾರ್ಶ್ವವಾಯುವಿನಿಂದ ಸತ್ತು, ಊದಿಕೊಂಡು, ಉಸಿರಾಟದ ಕೇಂದ್ರವಿರುವ ಮೆದುಳುಕಾಂಡವನ್ನು ಒತ್ತುತ್ತಿತ್ತು. ನರಶಸ್ತ್ರಚಿಕಿತ್ಸಕರು ರಾತ್ರೋರಾತ್ರಿ ತಲೆಯ ಹಿಂಭಾಗದ ಮೂಳೆ ತೆಗೆದು ಜಾಗ ಮಾಡಿಕೊಟ್ಟರು.

ಬೆಳಗಿನ ಸಭೆಯಲ್ಲಿ ಪ್ರೊಫೆಸರ್ ಕೇಳಿದ್ದು ಒಂದೇ ಪ್ರಶ್ನೆ: "ನಡೆಸಿ ನೋಡಿದಿರಾ?" ಕಿವಿಯ ತಲೆಸುತ್ತಿನವರು ಗೋಡೆ ಹಿಡಿದಾದರೂ ನಡೆಯುತ್ತಾರೆ. ಕಿರುಮೆದುಳಿಗೆ ಪೆಟ್ಟಾದವರು ಎಷ್ಟೋ ಬಾರಿ ಎದ್ದು ನಿಲ್ಲಲೂ ಆರರು. ಮಲಗಿದಲ್ಲಿ ಎಲ್ಲವೂ ಸರಿ ಕಾಣುತ್ತದೆ. ನಾವು ತಲೆತಗ್ಗಿಸಿದೆವು. ಅವರು ಕೇಸ್ ಶೀಟ್ ತಿರುವಿ ನಮ್ಮ ಮುಂದಿಟ್ಟರು. ಅದರಲ್ಲಿ ನಮ್ಮದೇ ಕೈಬರಹದಲ್ಲಿ 'ಗೈಟ್ - ನಾರ್ಮಲ್' ಎಂದಿತ್ತು. ನಡಿಗೆ ಸರಿಯಿದೆ! ನಡೆಸದೆಯೇ ಬರೆದಿದ್ದೆವು. ನೂರಾರು ಕೇಸುಗಳಲ್ಲಿ ಬರೆದೂ ಬರೆದೂ ಕೈಗೆ ಅಭ್ಯಾಸವಾಗಿಬಿಟ್ಟಿದ್ದ ಎರಡು ಪದಗಳು.

ಆ ರಾತ್ರಿ ಸರದಿ ಮೂವರಲ್ಲಿ ಯಾರದ್ದೆಂದು ಇಲ್ಲಿ ಬರೆಯುವುದಿಲ್ಲ. ಉಳಿದಿಬ್ಬರೂ ಅದೇ ತಿಂಗಳು ತಮ್ಮ ಹಳೆಯ ಕೇಸ್ ಶೀಟುಗಳನ್ನು ತೆಗೆದು ನೋಡಿದರು. ಅದೇ ಎರಡು ಪದ, ಎಷ್ಟೋ ಕಡೆ, ನಡೆಸಿದ ನೆನಪೇ ಇಲ್ಲದ ರೋಗಿಗಳ ಹೆಸರಿನ ಮುಂದೆ. ಅವರ ಅದೃಷ್ಟ, ನಮ್ಮ ಅದೃಷ್ಟ.

ಪ್ರೊಫೆಸರ್ ಕಿರುಚಲಿಲ್ಲ. "ಇದನ್ನು ಅವರ ಗಂಡನಿಗೆ ನೀವೇ ಹೇಳಬೇಕು, ನಾನು ಪಕ್ಕದಲ್ಲಿ ನಿಂತಿರುತ್ತೇನೆ" ಎಂದರು. ಐ.ಸಿ.ಯು. ಹೊರಗೆ ಆ ಮನುಷ್ಯ ಪ್ಲಾಸ್ಟಿಕ್ ಚೀಲದಲ್ಲಿ ಹೆಂಡತಿಯ ಚಪ್ಪಲಿ ಹಿಡಿದು ನಿಂತಿದ್ದರು. ಹೇಳಿದೆವು. ಮೊದಲ ರಾತ್ರಿಯೇ ಹಿಡಿಯಬೇಕಿತ್ತು, ನಾವು ಸರಿಯಾಗಿ ನೋಡಲಿಲ್ಲ, ತಪ್ಪು ನಮ್ಮದು ಎಂದು. ಬಹಳ ಹೊತ್ತು ಅವರು ಮಾತಾಡಲಿಲ್ಲ. ಹೊಡೆದಿದ್ದರೆ ಹಗುರವಾಗುತ್ತಿತ್ತೇನೋ. ಕೊನೆಗೆ "ಈಗ ನಾನೇನು ಮಾಡಬೇಕು, ಅದನ್ನು ಹೇಳಿ" ಎಂದರು. ರಕ್ತ ಬೇಕಿತ್ತು. ನಮ್ಮಲ್ಲಿ ಇಬ್ಬರ ಗುಂಪು ಹೊಂದುತ್ತಿತ್ತು, ಕೊಟ್ಟೆವು. ಅದರಿಂದ ಏನೂ ಸರಿಹೋಗುವುದಿಲ್ಲವೆಂದು ಗೊತ್ತಿತ್ತು.

ಇಪ್ಪತ್ತಾರು ದಿನಗಳ ನಂತರ ಆಕೆ ಮನೆಗೆ ಹೋದರು. ಬದುಕಿದರು. ಆದರೆ ನಡಿಗೆ ಓಲಾಡುತ್ತಿತ್ತು. ಬಲಗೈ ಬೀಡಿ ಎಲೆ ಸುತ್ತಲು ಹೋದರೆ ನಡುಗುತ್ತಿತ್ತು.

ಹೊರಗೆ ಸ್ವಂತವಾಗಿ ಕ್ಲಿನಿಕ್ ತೆರೆದಿದ್ದರೂ ಇಂಥ ತಪ್ಪು ಆಗುತ್ತಿತ್ತು, ಬಹುಶಃ ಇನ್ನೂ ಹೆಚ್ಚು. ಆದರೆ ಮರುದಿನ ಬೆಳಿಗ್ಗೆ ಎಂಟಕ್ಕೆ ಯಾರೂ ಕೇಸ್ ಶೀಟ್ ತಿರುವಿ ಮುಂದಿಡುತ್ತಿರಲಿಲ್ಲ. ಆಕೆ ಬೇರೆ ಆಸ್ಪತ್ರೆಗೆ ಹೋಗುತ್ತಿದ್ದರು, ನಾವು ನೆಮ್ಮದಿಯಾಗಿ ಅದೇ ಎರಡು ಪದ ಬರೆಯುತ್ತಾ ಇರುತ್ತಿದ್ದೆವು. ಲಾಭವೇನೆಂದು ಕೇಳಿದ ಹಿರಿಯರಿಗೆ ಹೇಳಬಹುದಾದದ್ದು ಇದು. ಊಟದ ಪಂಕ್ತಿಯಲ್ಲಿ ಹೇಳುವಂಥದ್ದಲ್ಲ.

ಈಗ ನಾವು ಮೂವರೂ ಮೂರು ಊರುಗಳಲ್ಲಿದ್ದೇವೆ. ಕಾಲ ಬದಲಾಗಿದೆ. ನಾವು ಕಲಿಯುವಾಗ ಪಾರ್ಶ್ವವಾಯುವಿಗೆ ನಾಲ್ಕೂವರೆ ಗಂಟೆಯೊಳಗೆ ಕೊಡುವ ಇಂಜೆಕ್ಷನ್ನೇ ದೊಡ್ಡ ಅಸ್ತ್ರ. 2015ರ ನಂತರ ದೊಡ್ಡ ರಕ್ತನಾಳಕ್ಕೆ ತೂರುನಳಿಕೆ ಹಾಕಿ ಹೆಪ್ಪನ್ನೇ ಎಳೆದು ತೆಗೆಯುವ ಚಿಕಿತ್ಸೆ ಗಟ್ಟಿಯಾಯಿತು. ಆಯ್ದ ಕೆಲವರಿಗೆ ಇಪ್ಪತ್ತನಾಲ್ಕು ಗಂಟೆಯವರೆಗೂ ಅವಕಾಶವಿದೆ. ಆದರೂ ನಮ್ಮ ಜಿಲ್ಲೆಗಳಲ್ಲಿ ಬಾಯಿ ಸೊಟ್ಟಗಾದವರನ್ನು ಮೊದಲು ಎಣ್ಣೆ ತಿಕ್ಕುವವರ ಬಳಿಗೆ ಕರೆದೊಯ್ದು, ಮೂರನೇ ದಿನ ನಮ್ಮಲ್ಲಿಗೆ ತರುತ್ತಾರೆ. ಪಾರ್ಶ್ವವಾಯುವಿನ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಒಂದು ಅಂದಾಜಿದೆ. ನರರೋಗ ತಜ್ಞರು ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇದ್ದಾರೆ. ಅದಕ್ಕೇ 2022ರಲ್ಲಿ ರಾಜ್ಯ ಸರಕಾರ ಮತ್ತು ನಿಮ್ಹಾನ್ಸ್ ಸೇರಿ ಶುರುಮಾಡಿದ ಮೆದುಳು ಆರೋಗ್ಯದ ಕಾರ್ಯಕ್ರಮದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತಲೆನೋವು, ಫಿಟ್ಸ್, ಪಾರ್ಶ್ವವಾಯು, ಮರೆವಿನ ರೋಗಗಳ ತರಬೇತಿ ಕೊಡುವ ಯೋಜನೆ ನಮಗೆ ಸರಿಯೆನಿಸಿತು. ನಮ್ಮ ಬಳಿ ಬರುವ ತರುಣ ವೈದ್ಯರಿಗೆ ನಾವು ಸ್ಕ್ಯಾನ್ ಓದುವುದನ್ನು ಆಮೇಲೆ ಕಲಿಸುತ್ತೇವೆ. ಮೊದಲು ರೋಗಿಯನ್ನು ಎಬ್ಬಿಸಿ, ಕೈ ಹಿಡಿದು, ಕಾರಿಡಾರಿನ ತುದಿಯವರೆಗೆ ಹೋಗಿಬರಲು ಹೇಳುತ್ತೇವೆ. ಹೊರಗೆ ಎಷ್ಟು ಮಂದಿ ಕಾಯುತ್ತಿದ್ದರೂ ಸರಿ.

ಆ ಬೀಡಿ ಕಟ್ಟುವ ತಾಯಿ ನಮ್ಮಲ್ಲೊಬ್ಬರ ಕ್ಲಿನಿಕ್‌ಗೆ ವರ್ಷಕ್ಕೆರಡು ಬಾರಿ ಈಗಲೂ ಬರುತ್ತಾರೆ. ಈಗ ಅರವತ್ತು ದಾಟಿದೆ. ಬೀಡಿ ಬಿಟ್ಟು, ಮಗಳ ಹೊಲಿಗೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಕಳೆದ ಸಲ ಒಳಗೆ ಬಂದವರು ಕುರ್ಚಿಯಲ್ಲಿ ಕೂರಲೇ ಇಲ್ಲ. ಊರುಗೋಲನ್ನು ಮೇಜಿಗೆ ಒರಗಿಸಿ, "ನೀವು ಹೇಗೂ ಹೇಳುತ್ತೀರಿ, ಮೊದಲು ಅದನ್ನೇ ಮುಗಿಸಿಬಿಡುತ್ತೇನೆ" ಎಂದು ಸೆರಗು ಸರಿಪಡಿಸಿಕೊಂಡು ಕಾರಿಡಾರಿನತ್ತ ಹೊರಟರು.